ಎರಡಾಣೆಯ ಪಿಗ್ಮಿ, ಲಕ್ಷಗಳ ಮೆಡಿಕಲ್ ಸೀಟು: ಮಣಿಪಾಲದ ಡಾ. ಟಿ.ಎಂ.ಎ. ಪೈ ನಿಜವಾಗಿ ಮಾಡಿದ್ದೇನು?

ನೀಟ್ ಫಲಿತಾಂಶ ಬರುವ ದಿನಗಳಲ್ಲಿ ಮಲೆನಾಡಿನ ವಾಟ್ಸ್ಆಪ್ ಗುಂಪುಗಳಲ್ಲಿ ಮಳೆ ಮತ್ತು ಕಾಫಿ ದರದ ಜೊತೆ ಇನ್ನೊಂದು ಚರ್ಚೆಯೂ ಏಳುತ್ತದೆ. ಡಾಕ್ಟರ್ ಓದಿಸಲು ಎಷ್ಟು ಬೇಕು? ಇಷ್ಟೊಂದು ದುಡ್ಡು ಕೇಳುವ ಪದ್ಧತಿಯನ್ನು ತಂದವರು ಯಾರು? ಆಗ ಮಣಿಪಾಲದ ಡಾ. ಟಿ.ಎಂ.ಎ. ಪೈ ಅವರ ಹೆಸರು ಬಂದೇ ಬರುತ್ತದೆ. ಡೊನೇಶನ್ ಕಂಡುಹಿಡಿದವರೇ ಇವರು ಅನ್ನುವ ಮಾತು ಒಂದು ಕಡೆ. ಬರಡು ಗುಡ್ಡದ ಮೇಲೆ ಊರು ಕಟ್ಟಿದ ಪುಣ್ಯಾತ್ಮ ಅನ್ನುವ ಮಾತು ಇನ್ನೊಂದು ಕಡೆ. ಬೇಕಾದಷ್ಟು ಫೀಸು ವಸೂಲಿ ಮಾಡಲು ಸುಪ್ರೀಂ ಕೋರ್ಟಿನಿಂದ ಇವರೇ ಅನುಮತಿ ತಂದರು ಅನ್ನುವುದು ಮೂರನೆಯದು.

ಮೂರನೆಯದು ಸುಳ್ಳು. ಯಾಕೆ ಅಂತ ಮುಂದೆ ಹೇಳುತ್ತೇವೆ. ಮೊದಲಿನ ಎರಡರಲ್ಲೂ ಸ್ವಲ್ಪ ಸ್ವಲ್ಪ ಸತ್ಯ ಇದೆ. ಅದು ಎಷ್ಟು ಅಂತ ಗೊತ್ತಾಗಬೇಕಾದರೆ ಅವರ ಬದುಕನ್ನು ಮೊದಲಿನಿಂದ ನೋಡಬೇಕು.

ಘಟ್ಟದ ಕೆಳಗೆ ಬೇರೆಯೇ ಸರ್ಕಾರ

ತೋನ್ಸೆ ಮಾಧವ ಅನಂತ ಪೈ ಹುಟ್ಟಿದ್ದು 1898ರ ಏಪ್ರಿಲ್ 30ರಂದು, ಉಡುಪಿ ಹತ್ತಿರದ ಕಲ್ಯಾಣಪುರದಲ್ಲಿ. ಆಗ ದಕ್ಷಿಣ ಕನ್ನಡ ಮದರಾಸು ಪ್ರಾಂತ್ಯದಲ್ಲಿತ್ತು, ಚಿಕ್ಕಮಗಳೂರು ಮೈಸೂರು ಸಂಸ್ಥಾನದಲ್ಲಿತ್ತು. ಮೂಡಿಗೆರೆಯಿಂದ ಕೊಟ್ಟಿಗೆಹಾರಕ್ಕೆ ಬಂದು ಚಾರ್ಮಾಡಿ ಘಾಟಿ ಇಳಿದರೆ ಸರ್ಕಾರವೇ ಬದಲಾಗುತ್ತಿತ್ತು. ಎರಡೂ ಒಂದೇ ರಾಜ್ಯಕ್ಕೆ ಸೇರಿದ್ದು 1956ರಲ್ಲಿ.

ಇದನ್ನು ಹೇಳಲು ಕಾರಣ ಇದೆ. ಡಾಕ್ಟರ್ ಆಗಬೇಕೆಂದ ಹುಡುಗ ಎಲ್ಲಿಗೆ ಹೋಗಬೇಕು ಅನ್ನುವುದು ಅವನ ಊರು ಯಾವ ಸರ್ಕಾರಕ್ಕೆ ಸೇರಿದೆ ಎಂಬುದರ ಮೇಲೆ ನಿಂತಿತ್ತು. ಮೈಸೂರು ಸಂಸ್ಥಾನದವರಿಗೆ 1924ರಲ್ಲಿ ಬೆಂಗಳೂರಿನಲ್ಲಿ ಒಂದು ಮೆಡಿಕಲ್ ಕಾಲೇಜು ಶುರುವಾಯಿತು, 1930ರಲ್ಲಿ ಅದು ಮೈಸೂರಿಗೆ ಹೋಯಿತು. ಕರಾವಳಿಯವರಿಗೆ ಹತ್ತಿರದಲ್ಲಿ ಏನೂ ಇರಲಿಲ್ಲ. ದೇಶದ ಇನ್ನೊಂದು ತೀರದಲ್ಲಿದ್ದ ಮದರಾಸಿಗೇ ಹೋಗಬೇಕು. ಪೈಯವರು ಹಾಗೇ ಹೋದರು. ಅಲ್ಲಿ ವೈದ್ಯಕೀಯ ಓದಿ 1920ರ ದಶಕದ ನಡುವೆ ಉಡುಪಿಗೆ ಮರಳಿ ರೋಗಿಗಳನ್ನು ನೋಡತೊಡಗಿದರು.

ಊರಿನ ಮಟ್ಟಿಗೆ ಎಂಬಿಬಿಎಸ್ ಓದಿ ಬಂದ ಡಾಕ್ಟರ್ ಅಂದರೆ ದೊಡ್ಡ ಮಾತು. ಅದೊಂದನ್ನೇ ಮಾಡಿಕೊಂಡಿದ್ದರೂ ನೆಮ್ಮದಿಯ ಬದುಕಾಗುತ್ತಿತ್ತು. ಆದರೆ ಸ್ಟೆತಾಸ್ಕೋಪ್ ಹಿಡಿದ ಹೊತ್ತಿಗೇ ಅವರು ಬ್ಯಾಂಕಿನ ಕೆಲಸಕ್ಕೂ ಕೈ ಹಾಕಿದರು.

ಎರಡಾಣೆಯ ಲೆಕ್ಕ

ಆ ಕಾಲಕ್ಕೆ ಕರಾವಳಿಯ ಕೈಮಗ್ಗದ ನೇಕಾರರು ಕಷ್ಟದಲ್ಲಿದ್ದರು. ನೂಲಿಗೆ ದುಡ್ಡಿಲ್ಲ, ಸಾಲ ಕೊಡುವವರಿಲ್ಲ. 1925ರಲ್ಲಿ ಮೂವರು ಸೇರಿ ಉಡುಪಿಯಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಎಂಬ ಸಂಸ್ಥೆ ಶುರು ಮಾಡಿದರು. ವ್ಯಾಪಾರ ಬಲ್ಲ ಅಣ್ಣ ಉಪೇಂದ್ರ ಪೈ, ಇಂಜಿನಿಯರ್ ವಾಮನ ಕುಡ್ವ ಮತ್ತು ಡಾಕ್ಟರ್ ಆಗಿದ್ದ ಮಾಧವ ಪೈ. ಬಂಡವಾಳ 8,000 ರೂಪಾಯಿ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾಗಿ, 1969ರಲ್ಲಿ ರಾಷ್ಟ್ರೀಕರಣಗೊಂಡು, 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾದದ್ದು ಇದೇ ಸಂಸ್ಥೆ.

ಈ ಬ್ಯಾಂಕ್ 1928ರಲ್ಲಿ ಶುರು ಮಾಡಿದ್ದು ಪಿಗ್ಮಿ ಠೇವಣಿ. ಮೂಡಿಗೆರೆ, ಕಳಸ, ಕೊಪ್ಪದ ಪೇಟೆಯಲ್ಲಿ ಅಂಗಡಿ ಇಟ್ಟವರಿಗೆ ಆ ಪದವನ್ನು ವಿವರಿಸಬೇಕಾಗಿಲ್ಲ. ಏಜೆಂಟ್ ದಿನವೂ ಬಾಗಿಲಿಗೆ ಬರುತ್ತಾನೆ, ಕೊಟ್ಟಷ್ಟು ತೆಗೆದುಕೊಂಡು ಬರೆದುಕೊಳ್ಳುತ್ತಾನೆ, ಬ್ಯಾಂಕಿಗೆ ಕಟ್ಟುತ್ತಾನೆ. ಅವನಿಗೆ ಕಮಿಷನ್, ನಮಗೆ ಬಡ್ಡಿ. ಆಗ ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಸಂಗ್ರಹಿಸುತ್ತಿದ್ದರು. ರೂಪಾಯಿಗೆ ಹದಿನಾರಾಣೆ ಇದ್ದ ಕಾಲ. ಅಂದರೆ ತಿಂಗಳಿಗೆ 60 ಆಣೆ, ಮೂರೂಮುಕ್ಕಾಲು ರೂಪಾಯಿ. ಬ್ಯಾಂಕಿನ ಮೆಟ್ಟಿಲು ಹತ್ತಲು ಹಿಂಜರಿಯುವ ಕೂಲಿಯವರು, ಮೀನು ಮಾರುವವರು, ನೇಕಾರರು ಇವರಿಂದ ಹೀಗೆ ಸೇರಿದ ದುಡ್ಡೇ ಸಾಲವಾಗಿ ಊರಿಗೆ ತಿರುಗಿ ಬರುತ್ತಿತ್ತು.

ಪಿಗ್ಮಿಯ ಹಿಂದಿನ ಯೋಚನೆ ಸರಳ. ಒಬ್ಬರ ಕೈಯಲ್ಲಿ ಏನೂ ಆಗದ ಮೊತ್ತ ಸಾವಿರ ಜನರದ್ದು ಸೇರಿದರೆ ಬಂಡವಾಳ. ಸರ್ಕಾರ ಬರಲಿ ಎಂದು ಕಾಯಬೇಕಿಲ್ಲ, ಸಾಹುಕಾರ ಕೊಡಲಿ ಎಂದು ಕೈಚಾಚಬೇಕಿಲ್ಲ. ಪೈಯವರು ಮುಂದೆ ಮೆಡಿಕಲ್ ಕಾಲೇಜು ಕಟ್ಟಿದ್ದೂ ಇದೇ ಯೋಚನೆಯ ಮೇಲೆ ಅಂತ ನಮಗೆ ಅನ್ನಿಸುತ್ತದೆ. ಒಂದು ವ್ಯತ್ಯಾಸ ಮಾತ್ರ ಇತ್ತು, ಅದು ಬಹಳ ದೊಡ್ಡದು.

ಮಣ್ಣಪಳ್ಳದ ಗುಡ್ಡ

ಮಣಿಪಾಲ ಎಂಬ ಹೆಸರು ಬಂದದ್ದು ಮಣ್ಣಪಳ್ಳದಿಂದ. ಮಣ್ಣಿನ ಕೆರೆ ಎಂದು ಅರ್ಥ, ಆ ಕೆರೆ ಈಗಲೂ ಇದೆ. ಉಡುಪಿಯಿಂದ ಮೇಲಿರುವ ಈ ಮುರಕಲ್ಲಿನ ಗುಡ್ಡದ ಮೇಲೆ ಪೈಯವರು 1942ರಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಎಂಬ ಸಂಸ್ಥೆ ಹುಟ್ಟುಹಾಕಿದರು. ಮೊದಲ ಗುರಿ ಕೈಕಸುಬು ಕಲಿಸುವುದು. 1949ರಲ್ಲಿ ಉಡುಪಿಯಲ್ಲಿ ಮಹಾತ್ಮ ಗಾಂಧಿ ಸ್ಮಾರಕ ಕಾಲೇಜು ಬಂತು, ಈಗ ಎಲ್ಲರೂ ಎಂಜಿಎಂ ಅನ್ನುವುದು ಅದನ್ನೇ. ಇಲ್ಲಿಯವರೆಗೆ ವಿಶೇಷವೇನೂ ಇಲ್ಲ, ದೇಶದ ತುಂಬ ಎಷ್ಟೋ ಜನ ಊರಿಗೆ ಶಾಲೆ ಕಾಲೇಜು ಕಟ್ಟಿಸಿದ್ದಾರೆ.

ವಿಶೇಷ ಆದದ್ದು 1953ರಲ್ಲಿ. ಆಗ ಇಂದಿನ ಕರ್ನಾಟಕದ ಒಟ್ಟು ಪ್ರದೇಶದಲ್ಲಿ ಇದ್ದ ಮೆಡಿಕಲ್ ಕಾಲೇಜು ಮೈಸೂರಿನದೊಂದೇ. ಬೆಂಗಳೂರಿನದು ಬಂದದ್ದು 1955ರಲ್ಲಿ, ಹುಬ್ಬಳ್ಳಿಯದು 1957ರಲ್ಲಿ.  ಮೆಡಿಕಲ್ ಕಾಲೇಜು ಎಂದರೆ ಶವಾಗಾರ, ಪ್ರಯೋಗಾಲಯ, ನೂರಾರು ಹಾಸಿಗೆಯ ಆಸ್ಪತ್ರೆ, ಪ್ರತಿ ವಿಷಯಕ್ಕೂ ಪ್ರೊಫೆಸರ್. ಇದನ್ನು ಒಬ್ಬ ಖಾಸಗಿ ವ್ಯಕ್ತಿ, ರೈಲು ಕೂಡ ಇಲ್ಲದ ಊರಿನ ಗುಡ್ಡದ ಮೇಲೆ, ವಿದ್ಯಾರ್ಥಿಗಳ ದುಡ್ಡಿನಿಂದಲೇ ಕಟ್ಟುತ್ತೇನೆ ಎಂದು ಹೊರಟರೆ ನಗುವವರೇ ಹೆಚ್ಚು.

ಪೈಯವರು ಒಂದೊಂದೇ ಗಂಟು ಬಿಚ್ಚಿದ ರೀತಿ ಕುತೂಹಲದ್ದು. ವಿಶ್ವವಿದ್ಯಾಲಯದ ಮಾನ್ಯತೆ ಬೇಕಿತ್ತು. ಊರು ಇದ್ದದ್ದು ಮದರಾಸು ರಾಜ್ಯದಲ್ಲಿ, ಆದರೆ ಕಾಲೇಜು ಸೇರಿಕೊಂಡದ್ದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ. ಆಗ ಧಾರವಾಡ ಮುಂಬಯಿ ರಾಜ್ಯದಲ್ಲಿತ್ತು. ಕನ್ನಡದ ಊರುಗಳು ಐದು ಕಡೆ ಹಂಚಿಹೋಗಿದ್ದ ಆ ಕಾಲದಲ್ಲಿ ಇಂಥ ವ್ಯವಸ್ಥೆಯೂ ಆಗಿಬಂತು. ಇನ್ನು ಆಸ್ಪತ್ರೆ. ಗುಡ್ಡದ ಮೇಲೆ ರೋಗಿಗಳು ಎಲ್ಲಿಂದ ಬರಬೇಕು? ಮಂಗಳೂರಿನಲ್ಲಿ ಸರ್ಕಾರದ ವೆನ್ಲಾಕ್ ಆಸ್ಪತ್ರೆ ಇತ್ತು, ಹೆರಿಗೆಗೆ ಲೇಡಿ ಗೋಶನ್ ಇತ್ತು. ಮೊದಲ ವರ್ಷಗಳ ಪಾಠ ಮಣಿಪಾಲದಲ್ಲಿ, ರೋಗಿಯ ಹಾಸಿಗೆ ಪಕ್ಕದ ಕಲಿಕೆ ಮಂಗಳೂರಿನ ಈ ಸರ್ಕಾರಿ ವಾರ್ಡುಗಳಲ್ಲಿ ಎಂದಾಯಿತು. ಖಾಸಗಿ ಕಾಲೇಜಿನ ವಿದ್ಯಾರ್ಥಿಗಳು ಸರ್ಕಾರಿ ಆಸ್ಪತ್ರೆಯಲ್ಲಿ ಕಲಿಯುವ, ಬದಲಿಗೆ ಕಾಲೇಜಿನ ವೈದ್ಯರು ಅಲ್ಲಿ ರೋಗಿಗಳನ್ನು ನೋಡುವ ಈ ಪದ್ಧತಿ ವೆನ್ಲಾಕಿನಲ್ಲಿ ಇವತ್ತಿಗೂ ನಡೆಯುತ್ತಿದೆ.

ಮೂರನೆಯ ಗಂಟು ದುಡ್ಡು. ಇದಕ್ಕೆ ಪೈಯವರ ಉತ್ತರ ನೇರವಾಗಿತ್ತು: ಸೇರುವ ವಿದ್ಯಾರ್ಥಿಯ ಮನೆಯವರು ಮುಂಗಡವಾಗಿ ದೊಡ್ಡ ಮೊತ್ತ ಕೊಡಬೇಕು, ಆ ದುಡ್ಡಿನಲ್ಲೇ ಕಟ್ಟಡ ಏಳಬೇಕು. ಹೀಗೆ 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಶುರುವಾಯಿತು. ದೇಶದಲ್ಲಿ ವಿದ್ಯಾರ್ಥಿಗಳ ಹಣದಿಂದಲೇ ನಡೆಯುವ ಖಾಸಗಿ ಮೆಡಿಕಲ್ ಕಾಲೇಜುಗಳಲ್ಲಿ ಇದು ಮೊದಲನೆಯದು. ಮಿಷನರಿಗಳ ಮೆಡಿಕಲ್ ಕಾಲೇಜುಗಳು ಅದಕ್ಕೂ ಮೊದಲೇ ಇದ್ದವು, ಆದರೆ ಅವು ನಡೆಯುತ್ತಿದ್ದದ್ದು ಧರ್ಮದತ್ತಿಯ ಬಲದಿಂದ.

ವ್ಯತ್ಯಾಸ ಇಲ್ಲೇ ಇದೆ. ಪಿಗ್ಮಿಗೆ ಎರಡಾಣೆ ಹಾಕಿದವರಿಗೆ ಆ ಹಣ ಬಡ್ಡಿ ಸಮೇತ ವಾಪಸ್ ಬರುತ್ತಿತ್ತು. ಮೆಡಿಕಲ್ ಸೀಟಿಗೆ ಕೊಟ್ಟವರದು ವಾಪಸ್ ಬರುತ್ತಿರಲಿಲ್ಲ. ಪಿಗ್ಮಿ ಕಟ್ಟಿದ ನೇಕಾರ ಬ್ಯಾಂಕಿಗೆ ಸಾಲ ಕೊಟ್ಟವನು, ಸೀಟಿಗೆ ಕಟ್ಟಿದ ಅಪ್ಪ ಗಿರಾಕಿ. ಪಿಗ್ಮಿಯಲ್ಲಿ ಬಡವನೂ ಸೇರಬಹುದಿತ್ತು, ಇಲ್ಲಿ ಮೊದಲೇ ಉಳ್ಳವರು ಮಾತ್ರ. ಕಾಲೇಜು ಇಲ್ಲದಿದ್ದ ಕಡೆ ಕಾಲೇಜು ಬಂತು, ಡಾಕ್ಟರ್ ಇಲ್ಲದಿದ್ದ ಜಿಲ್ಲೆಗೆ ಡಾಕ್ಟರುಗಳು ಬಂದರು, ಘಟ್ಟದ ಮೇಲಿನವರಿಗೂ ದೊಡ್ಡ ಆಸ್ಪತ್ರೆ ಸಿಕ್ಕಿತು. ಅದರ ಜೊತೆಗೇ, ಡಾಕ್ಟರ್ ಆಗುವುದಕ್ಕೆ ಅಂಕದ ಜೊತೆ ದುಡ್ಡೂ ಒಂದು ದಾರಿ ಎಂಬುದು ದೇಶಕ್ಕೆ ಗೊತ್ತಾಯಿತು. ಒಂದನ್ನು ಹೇಳಿ ಇನ್ನೊಂದನ್ನು ಬಿಡುವ ಫಾರ್ವರ್ಡ್‌ಗಳು ಅರ್ಧ ಮಾತ್ರ ಹೇಳುತ್ತಿವೆ.

ಅಲ್ಲಿಂದ ಮುಂದೆ ಕೆಲಸ ಓಡಿತು. 1957ರಲ್ಲಿ ಇಂಜಿನಿಯರಿಂಗ್ ಕಾಲೇಜು, 1963ರಲ್ಲಿ ಫಾರ್ಮಸಿ, 1965ರಲ್ಲಿ ದಂತ ವೈದ್ಯಕೀಯ. ಮಲೇಷ್ಯಾದಂಥ ದೇಶಗಳಿಂದ ಹುಡುಗ ಹುಡುಗಿಯರು ಓದಲು ಬಂದರು. 1972ರಲ್ಲಿ ಪದ್ಮಶ್ರೀ. 1979ರ ಮೇ 29ರಂದು ಪೈಯವರು ಮುಂಬಯಿಯಲ್ಲಿ ತೀರಿಕೊಂಡರು. ಆಗ ಅವರಿಗೆ 81 ವರ್ಷ.

ಸತ್ತ 23 ವರ್ಷದ ನಂತರದ ತೀರ್ಪು

ಈಗ ಆ ಸುಳ್ಳಿನ ವಿಷಯಕ್ಕೆ ಬರೋಣ. ಟಿ.ಎಂ.ಎ. ಪೈ ಪ್ರಕರಣ ಎಂದು ವಕೀಲರು, ಪತ್ರಿಕೆಗಳು ಹೇಳುವ ತೀರ್ಪು ಬಂದದ್ದು 2002ರ ಅಕ್ಟೋಬರ್ 31ರಂದು. ಕೋರ್ಟಿಗೆ ಹೋದದ್ದು ಅವರ ಹೆಸರಿನ ಪ್ರತಿಷ್ಠಾನ. ಪೈಯವರು ತೀರಿಕೊಂಡು ಅಷ್ಟು ಹೊತ್ತಿಗೆ 23 ವರ್ಷ ಕಳೆದಿತ್ತು.

ಅದಕ್ಕೂ ಮೊದಲು ನಡೆದದ್ದನ್ನು ಚುಟುಕಾಗಿ ಹೇಳುತ್ತೇವೆ. 1970ರ ದಶಕದ ಕೊನೆಯಿಂದ ಕರ್ನಾಟಕದಲ್ಲಿ ಖಾಸಗಿ ಮೆಡಿಕಲ್ ಕಾಲೇಜುಗಳ ಸಾಲೇ ಎದ್ದಿತು. ಮಣಿಪಾಲದ ದಾರಿ ಎಲ್ಲರಿಗೂ ಕಂಡಿತ್ತು. ಡೊನೇಶನ್ ಹೆಸರಿನ ವಸೂಲಿ ಮಿತಿಮೀರಿದಾಗ 1984ರಲ್ಲಿ ರಾಜ್ಯ ಸರ್ಕಾರ ಕ್ಯಾಪಿಟೇಷನ್ ಶುಲ್ಕ ನಿಷೇಧ ಕಾಯ್ದೆ ತಂದಿತು. 1989ರಲ್ಲಿ ಸರ್ಕಾರವೇ ದರ ಗೊತ್ತುಮಾಡಿತು: ಖಾಸಗಿ ಕಾಲೇಜಿನ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಉಳಿದ ಕನ್ನಡಿಗರಿಗೆ 25,000, ಹೊರರಾಜ್ಯದವರಿಗೆ 60,000ದವರೆಗೆ. ಉತ್ತರ ಪ್ರದೇಶದ ಮೀರತ್‌ನ ಒಬ್ಬ ವಿದ್ಯಾರ್ಥಿನಿ ತುಮಕೂರಿನ ಕಾಲೇಜಿಗೆ ಸೇರಬೇಕೆಂದು ಬಂದು, ಆ 60,000 ಹೊಂದಿಸಲಾಗದೆ ಸುಪ್ರೀಂ ಕೋರ್ಟಿಗೆ ಹೋದಳು. ಕ್ಯಾಪಿಟೇಷನ್ ಶುಲ್ಕ ಸಂವಿಧಾನಕ್ಕೆ ವಿರುದ್ಧ ಎಂದು 1992ರಲ್ಲಿ ಕೋರ್ಟ್ ಹೇಳಿತು. 1993ರಲ್ಲಿ ಇನ್ನೊಂದು ತೀರ್ಪು ಬಂತು: ಅರ್ಧ ಸೀಟು ಫ್ರೀ, ಅರ್ಧ ಪೇಮೆಂಟ್. ನಮ್ಮ ರಾಜ್ಯದಲ್ಲಿ 1994ರಲ್ಲಿ ಸಿಇಟಿ ಶುರುವಾದದ್ದು ಇದರ ಬೆನ್ನಿಗೇ. ನಲವತ್ತು ಐವತ್ತರ ವಯಸ್ಸಿನವರಿಗೆ ಫ್ರೀ ಸೀಟು, ಪೇಮೆಂಟ್ ಸೀಟು ಎಂಬ ಮಾತುಗಳು ನೆನಪಿರುತ್ತವೆ.

ಹನ್ನೊಂದು ನ್ಯಾಯಮೂರ್ತಿಗಳ ಪೀಠ 2002ರಲ್ಲಿ ಬದಲಿಸಿದ್ದು ಆ ವ್ಯವಸ್ಥೆಯನ್ನು. ಸರ್ಕಾರದ ಅನುದಾನ ಪಡೆಯದ ಕಾಲೇಜು ತನ್ನ ಫೀಸನ್ನು ತಾನೇ ನಿಗದಿ ಮಾಡಬಹುದು, ಬೆಳವಣಿಗೆಗೆ ಬೇಕಾದಷ್ಟು ಹಣ ಉಳಿಸಿಕೊಳ್ಳಬಹುದು ಎಂದಿತು. ಆದರೆ ಲಾಭಕೋರತನ ಕೂಡದು, ಕ್ಯಾಪಿಟೇಷನ್ ಶುಲ್ಕವಂತೂ ಕೂಡದು ಎಂದೂ ಅದೇ ತೀರ್ಪಿನಲ್ಲಿದೆ. ಬೇಕಾದಷ್ಟು ವಸೂಲಿ ಮಾಡಬಹುದು ಎಂದು ಎಲ್ಲೂ ಹೇಳಿಲ್ಲ. 2003ರಲ್ಲಿ ಬಂದ ಮತ್ತೊಂದು ತೀರ್ಪಿನಿಂದ, ಕಾಲೇಜು ಹೇಳಿದ ಫೀಸು ಸರಿಯೇ ಎಂದು ನೋಡಲು ನಿವೃತ್ತ ನ್ಯಾಯಮೂರ್ತಿಗಳ ನೇತೃತ್ವದ ಸಮಿತಿಗಳೂ ಬಂದವು.

ಹಾಗಾದರೆ ಫೀಸು ಏರಿದ್ದು ಹೇಗೆ? ಡೊನೇಶನ್ ಎಂದು ಮೇಜಿನ ಕೆಳಗೆ ಹೋಗುತ್ತಿದ್ದ ಹಣದ ದೊಡ್ಡ ಪಾಲು ಈಗ ಫೀಸು ಎಂದು ಮೇಜಿನ ಮೇಲೆಯೇ ಬರುತ್ತದೆ, ರಸೀದಿ ಸಮೇತ. ಅದು ಕಾನೂನುಬದ್ಧ. ರಸೀದಿ ಕೊಡದೆ ಯಾರಾದರೂ ಹೆಚ್ಚಿಗೆ ಕೇಳಿದರೆ ಅದು 1984ರ ಕಾಯ್ದೆಯ ಪ್ರಕಾರ ಅಪರಾಧ, ಇವತ್ತಿಗೂ.

ಸ್ಟೈಪೆಂಡ್ ಒಂದು ಕೈ, ಬಡ್ಡಿ ಇನ್ನೊಂದು ಕೈ

1953ರಲ್ಲಿ ಮನೆಯವರು ಕೂಡಿಟ್ಟ ಹಣ ತಂದು ಕೊಟ್ಟರು. ಇವತ್ತು ಸರ್ಕಾರಿ ಸೀಟಿಗೆ ವರ್ಷಕ್ಕೆ ಲಕ್ಷದೊಳಗೆ ಫೀಸು ಮುಗಿದರೆ, ಖಾಸಗಿ ಕಾಲೇಜಿನ ಖಾಸಗಿ ಕೋಟಾದಲ್ಲಿ ವರ್ಷಕ್ಕೆ ಹತ್ತು ಲಕ್ಷದ ಆಚೀಚೆ ಬೇಕು. ಮ್ಯಾನೇಜ್‌ಮೆಂಟ್, ಎನ್‌ಆರ್‌ಐ ಸೀಟು ಅದಕ್ಕಿಂತ ಬಹಳ ಮೇಲೆ. ಕೂಡಿಟ್ಟದ್ದು ಸಾಲುವುದಿಲ್ಲ, ಆದ್ದರಿಂದ ಸಾಲ. ಪಿಗ್ಮಿ ತಲೆಕೆಳಗಾದ ಹಾಗೆ: ಮೊದಲು ಉಳಿಸಿ ಆಮೇಲೆ ಖರ್ಚು ಮಾಡುವುದು ಹೋಗಿ, ಮೊದಲು ಖರ್ಚು ಮಾಡಿ ಆಮೇಲೆ ಹದಿನೈದು ವರ್ಷ ಕಟ್ಟುವುದು.

ಶಿಕ್ಷಣ ಸಾಲದ ಬಗ್ಗೆ ಬಹಳ ಜನ ನಂಬಿರುವ ಒಂದು ತಪ್ಪು ಮಾತಿದೆ, ಓದು ಮುಗಿಯುವವರೆಗೆ ಬಡ್ಡಿ ಇಲ್ಲ ಎಂದು. ಇದೆ. ಓದಿನ ಅವಧಿ ಮತ್ತು ನಂತರದ ಒಂದು ವರ್ಷ ಕಂತು ಕಟ್ಟಬೇಕಿಲ್ಲ ಅಷ್ಟೇ, ಸರಳ ಬಡ್ಡಿ ಸೇರುತ್ತಲೇ ಇರುತ್ತದೆ. ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷದೊಳಗೆ ಇದ್ದರೆ ಒಂದು ಮಿತಿಯವರೆಗಿನ ಸಾಲಕ್ಕೆ ಆ ಅವಧಿಯ ಬಡ್ಡಿಯನ್ನು ಕೇಂದ್ರ ಸರ್ಕಾರ ಕಟ್ಟುವ ಯೋಜನೆ ಇದೆ. ಬ್ಯಾಂಕಿನವರು ತಾವಾಗಿ ಹೇಳದಿದ್ದರೆ ಕೇಳಿ. ಬ್ಯಾಂಕುಗಳ ಮಾದರಿ ಯೋಜನೆಯಲ್ಲಿ 7.5 ಲಕ್ಷದವರೆಗೆ ಅಡಮಾನ ಬೇಡ. ಅದರ ಮೇಲೆ ಹೋದರೆ ಸಾಮಾನ್ಯವಾಗಿ ಮನೆ, ಜಾಗದ ಪತ್ರ ಕೇಳುತ್ತಾರೆ. ಇನ್ನು ರಸೀದಿ ಇಲ್ಲದ ಹಣಕ್ಕೆ ಯಾವ ಬ್ಯಾಂಕೂ ಸಾಲ ಕೊಡುವುದಿಲ್ಲ. ಅದಕ್ಕಾಗಿ ತೋಟ ಮಾರಿದರೆ ಕೈಯಲ್ಲಿ ಒಂದು ಕಾಗದವೂ ಉಳಿಯುವುದಿಲ್ಲ.

ಒಂದು ಲೆಕ್ಕ ಮಾಡಿ ನೋಡೋಣ. ಒಟ್ಟು ಸಾಲ 30 ಲಕ್ಷ, ಬಡ್ಡಿ ಶೇ 10 ಎಂದಿಟ್ಟುಕೊಳ್ಳಿ. ವರ್ಷಕ್ಕೆ ಬಡ್ಡಿಯೇ 3 ಲಕ್ಷ, ತಿಂಗಳಿಗೆ 25,000. ನಾಲ್ಕೂವರೆ ವರ್ಷದ ಓದು ಮುಗಿಸಿದ ಹುಡುಗಿ ಒಂದು ವರ್ಷ ಇಂಟರ್ನ್ ಆಗಿ ದುಡಿಯಬೇಕು. ರಾತ್ರಿ ಹನ್ನೊಂದಕ್ಕೆ ಎದೆನೋವು ಎಂದು ದೊಡ್ಡ ಆಸ್ಪತ್ರೆಗೆ ಹೋದರೆ ಮೊದಲು ಬಿಪಿ ನೋಡಿ ರಕ್ತ ತೆಗೆಯುವುದು ಹೆಚ್ಚಾಗಿ ಇವರೇ. ಕರ್ನಾಟಕದ ಸರ್ಕಾರಿ ಕಾಲೇಜುಗಳಲ್ಲಿ ಇಂಟರ್ನ್‌ಗಳ ಸ್ಟೈಪೆಂಡ್ 2020ರಲ್ಲಿ ತಿಂಗಳಿಗೆ 20,000ದಿಂದ 30,000ಕ್ಕೆ ಏರಿತು. ಆ ಮೊತ್ತವನ್ನೇ ಹಿಡಿದರೂ ಬಡ್ಡಿ ಕಳೆದು ಉಳಿಯುವುದು 5,000. ಅದೇ ವರ್ಷ ಪಿಜಿ ಮೊದಲ ವರ್ಷದವರ ಸ್ಟೈಪೆಂಡ್ 45,000 ಆಯಿತು. ಮೇಲಿನ 30 ಲಕ್ಷವನ್ನು 15 ವರ್ಷಕ್ಕೆ ಹಂಚಿದರೆ ಕಂತು 32,000 ದಾಟುತ್ತದೆ, ಅದೂ ಓದುವಾಗ ಸೇರಿದ ಬಡ್ಡಿಯನ್ನು ಬಿಟ್ಟು.

ಸ್ಟೈಪೆಂಡ್ ಸಂಬಳ ಅಲ್ಲ, ಕಲಿಯುವವರಿಗೆ ಕೊಡುವ ಭತ್ಯೆ ಎಂದು ಕೆಲವರು ವಾದಿಸುತ್ತಾರೆ. ಕಾಗದದ ಮೇಲೆ ಸರಿ. ಆದರೆ ಇಂಟರ್ನ್‌ಗಳು ಮತ್ತು ಪಿಜಿಗಳು ಒಂದು ದಿನ ಮುಷ್ಕರ ಹೂಡಿದರೆ ಒಪಿಡಿ ನಿಲ್ಲುತ್ತದೆ. ಖಾಸಗಿ ಕಾಲೇಜುಗಳಲ್ಲಿ ಸಮಸ್ಯೆ ಬೇರೆ, ಎಲ್ಲ ಕಡೆ ಒಂದೇ ಮೊತ್ತ ಸಿಗುವುದಿಲ್ಲ. 2023ರಲ್ಲಿ ದೆಹಲಿಯ ಒಂದು ಕಾಲೇಜಿನ ಇಂಟರ್ನ್‌ಗಳು ಇದೇ ವಿಷಯಕ್ಕೆ ಸುಪ್ರೀಂ ಕೋರ್ಟಿಗೆ ಹೋದಾಗ ತಿಂಗಳಿಗೆ 25,000 ಕೊಡಬೇಕೆಂದು ಕೋರ್ಟ್ ಆದೇಶಿಸಿತು. ಪೈಯವರ ಹೆಸರಿನ ತೀರ್ಪು ಕಾಲೇಜು ತೆಗೆದುಕೊಳ್ಳುವ ಹಣಕ್ಕೆ ಸಂಬಂಧಿಸಿದ್ದು. ಕಲಿಯುವವರಿಗೆ ಕೊಡಬೇಕಾದ ಹಣದ ಬಗ್ಗೆ ಈ ಆದೇಶ ಬಂದದ್ದು ಅದಾಗಿ ಎರಡು ದಶಕದ ನಂತರ.

ಘಟ್ಟದ ಮೇಲಿನವರಿಗೆ ಏನು?

ಕಳಸದಲ್ಲಿ ಯಾರಿಗಾದರೂ ದೊಡ್ಡ ಕಾಯಿಲೆ ಬಂದರೆ ಕುದುರೆಮುಖ, ಕಾರ್ಕಳದ ದಾರಿಯಲ್ಲಿ ಮಣಿಪಾಲಕ್ಕೆ ಹೋಗುತ್ತಾರೆ. ಮೂಡಿಗೆರೆಯವರು ಚಾರ್ಮಾಡಿ ಇಳಿದು ಮಂಗಳೂರಿಗೆ. ಮಳೆಗಾಲದಲ್ಲಿ ಗುಡ್ಡ ಕುಸಿದರೆ ಆ ದಾರಿಯೂ ಬಂದ್. ಪೈಯವರ ಗುಡ್ಡದ ಆಸ್ಪತ್ರೆ ಇಲ್ಲದಿದ್ದರೆ ಮಲೆನಾಡಿನ ಎಷ್ಟೋ ಮನೆಗಳಲ್ಲಿ ಕಥೆ ಬೇರೆಯೇ ಆಗುತ್ತಿತ್ತು.

ಆದರೆ ಇಲ್ಲಿನ ಮಗು ಮಣಿಪಾಲದಲ್ಲಿ ಡಾಕ್ಟರ್ ಓದಬೇಕೆಂದರೆ ಒಂದು ವಿಷಯ ತಿಳಿದಿರಬೇಕು. 1993ರಿಂದ ಅದು ಡೀಮ್ಡ್ ವಿಶ್ವವಿದ್ಯಾಲಯ. ಅಲ್ಲಿನ ಎಂಬಿಬಿಎಸ್ ಸೀಟುಗಳಿಗೆ ದೆಹಲಿಯ ಎಂಸಿಸಿ ಕೌನ್ಸೆಲಿಂಗ್‌ನಲ್ಲಿ ಅರ್ಜಿ ಹಾಕಬೇಕು, ಕೆಇಎ ಮೂಲಕ ಸಿಗುವ ಸರ್ಕಾರಿ ದರದ ಸೀಟು ಅಲ್ಲಿಲ್ಲ. ಕೆಇಎ ಪಟ್ಟಿಯಲ್ಲಿ ಮಣಿಪಾಲದ ಸರ್ಕಾರಿ ಸೀಟು ಕೊಡಿಸುತ್ತೇನೆ ಎಂದು ಯಾರಾದರೂ ಏಜೆಂಟ್ ಹೇಳಿದರೆ ಅದು ಮೋಸ.

ಸರ್ಕಾರಿ ದರದ ಸೀಟು ಈಗ ನಮ್ಮ ಜಿಲ್ಲೆಯಲ್ಲೇ ಇದೆ. ಚಿಕ್ಕಮಗಳೂರಿನ ಸರ್ಕಾರಿ ಮೆಡಿಕಲ್ ಕಾಲೇಜು 2022ರಲ್ಲಿ 150 ಸೀಟುಗಳೊಂದಿಗೆ ಶುರುವಾಯಿತು. ಮಣಿಪಾಲದ ಕಾಲೇಜು ಹುಟ್ಟಿದ 69 ವರ್ಷಗಳ ಮೇಲೆ ನಮ್ಮ ಜಿಲ್ಲೆಗೂ ಒಂದು ಬಂತು. ನಾಲ್ಕೂವರೆ ವರ್ಷ ಮುಗಿಸಿದ ಮೇಲೆ ಇಲ್ಲಿನ ಮೊದಲ ತಂಡದವರಿಗೂ ಒಂದು ವರ್ಷದ ಇಂಟರ್ನ್‌ಶಿಪ್ ಇದೆ. ಜಿಲ್ಲಾಸ್ಪತ್ರೆಯ ರಾತ್ರಿ ಪಾಳಿಯಲ್ಲಿ ಮೂಡಿಗೆರೆಯಿಂದ, ಕಳಸದಿಂದ ಬಂದವರ ಬಿಪಿ ನೋಡುವವರು ಅವರೇ. ಅವರ ಸ್ಟೈಪೆಂಡ್ ಕೊಡಬೇಕಾದದ್ದು ರಾಜ್ಯ ಸರ್ಕಾರ.